ಸಣ್ಣ ದೋಣಿಗೆ ಲಂಗರು: ನಾನು ಆರಿಸಿಕೊಂಡ ರೀತಿ

ನನ್ನ ದೋಣಿ 14 ಅಡಿದು. ಅಲ್ಯೂಮಿನಿಯಂ ಬಾಡಿ, ಹಿಂದೆ ಒಂದು ಸಣ್ಣ ಔಟ್‌ಬೋರ್ಡ್ ಎಂಜಿನ್, ಇಬ್ಬರು ಆರಾಮಾಗಿ ಕೂತು ಗಾಳ ಹಾಕ್ಬಹುದು, ಮೂರನೆಯವರು ಬಂದ್ರೆ ಕಾಲು ಚಾಚೋಕೆ ಜಾಗ ಇರಲ್ಲ. ಇಷ್ಟು ಚಿಕ್ಕ ದೋಣಿಗೆ ಲಂಗರು ಯಾವುದಾದ್ರೇನು ಅಂತ ಅಂದ್ಕೊಳ್ಳೋರೇ ಜಾಸ್ತಿ, ಕೇಳಿದ್ರೂ "ಎಷ್ಟು ಕೆಜಿದು ತಗೊಳ್ಳೋದು" ಅಂತ ಕೇಳ್ತಾರೆ. ನಾನು ತಗೊಳ್ಳೋವಾಗ ತೂಕದ ವಿಷಯ ಕೊನೆಗೆ ಇಟ್ಕೊಂಡೆ, ಮೊದಲು ನೋಡಿದ್ದು ನಾನು ಮೀನು ಹಿಡಿಯೋ ಜಾಗದಲ್ಲಿ ನೀರಿನ ತಳ ಹೆಂಗಿದೆ ಅಂತ. ಮರಳಾ, ಕೆಸರಾ, ಬಂಡೆನಾ, ಜೊಂಡು ಬೆಳೆದಿದೆಯಾ? ಇದು ಗೊತ್ತಾದ್ರೆ ಅರ್ಧ ಆಯ್ಕೆ ಅಲ್ಲೇ ಮುಗಿಯತ್ತೆ.

ಯಾಕಂದ್ರೆ ಲಂಗರು ದೋಣಿನ ಹಿಡಿಯೋದು ತನ್ನ ಭಾರದಿಂದ ಅಲ್ಲ, ತಳಕ್ಕೆ ಕಚ್ಚಿಕೊಂಡು ಹಿಡಿಯತ್ತೆ. 4 ಕೆಜಿ ಕಲ್ಲು ಕಟ್ಟಿ ಇಳಿಸಿದ್ರೆ ಅದು ನೀರೊಳಗೆ ಇನ್ನೂ ಹಗುರ ಆಗತ್ತೆ, ಸ್ವಲ್ಪ ಗಾಳಿ ಬಂದ್ರೆ ಉರುಳ್ಕೊಂಡು ಹೋಗತ್ತೆ. ಅದೇ 4 ಕೆಜಿಯ ಒಳ್ಳೆ ಲಂಗರು ಮರಳಲ್ಲಿ ಪೂರ್ತಿ ಹೂತ್ಕೊಂಡ್ರೆ ತನ್ನ ತೂಕದ ಹತ್ತಾರು ಪಟ್ಟು ಎಳೆತ ತಡೀತದೆ. ಇನ್ನೊಂದು ವಿಷಯ, ಗಾಳಿ ವೇಗ ಎರಡು ಪಟ್ಟಾದ್ರೆ ಅದು ದೋಣಿನ ತಳ್ಳೋ ಬಲ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಬೆಳಗ್ಗೆ 10 ನಾಟ್ (ಗಂಟೆಗೆ ಸುಮಾರು 18.5 ಕಿಲೋಮೀಟರ್) ಗಾಳಿಲಿ ಸುಮ್ಮನೆ ನಿಂತಿರೋ ದೋಣಿ ಮಧ್ಯಾಹ್ನ 20 ನಾಟ್ ಆದಾಗ ಬೇರೆಯದೇ ದೋಣಿ ಆಗಿರತ್ತೆ, ಹಾಗಾಗಿ ಬೆಳಗಿನ ಶಾಂತ ನೀರು ನೋಡಿ ಲಂಗರು ಆರಿಸ್ಬಾರದು.

ತಳ ತಿಳ್ಕೊಳ್ಳೋಕೆ ನಾನು ಎರಡು ಕೆಲಸ ಮಾಡಿದೆ. ಒಂದು ಫಿಶ್ ಫೈಂಡರ್, ಅಂದ್ರೆ ನೀರೊಳಗೆ ಶಬ್ದದ ಅಲೆ ಕಳಿಸಿ ತಳ, ಮೀನು ತೋರಿಸೋ ಮೆಷೀನ್: ಗಟ್ಟಿ ತಳ ಇದ್ರೆ ಸ್ಕ್ರೀನಲ್ಲಿ ಗೆರೆ ಸ್ಪಷ್ಟವಾಗಿ ಬರತ್ತೆ, ಎಷ್ಟೋ ಸಲ ಅದರ ಕೆಳಗೆ ಅದೇ ಗೆರೆಯ ಇನ್ನೊಂದು ಪ್ರತಿಧ್ವನಿನೂ ಕಾಣತ್ತೆ, ಮೆತ್ತನೆ ಕೆಸರಾದ್ರೆ ಮಸುಕಾಗಿ ಹರಡಿಕೊಂಡಿರತ್ತೆ. ಎರಡನೇದು ಹಳೇ ನಾವಿಕರ ದಾರಿ, ಅವರು ಆಳ ಅಳೆಯೋ ಸೀಸದ ಗುಂಡಿನ ಅಡಿಯಲ್ಲಿ ಒಂದು ಗುಳಿ ಇಟ್ಟು ಅದಕ್ಕೆ ಪ್ರಾಣಿಗಳ ಕೊಬ್ಬು ಮೆತ್ತುತ್ತಾ ಇದ್ರು, ತಳದಲ್ಲಿ ಏನಿದ್ಯೋ ಅದು ಅಂಟ್ಕೊಂಡು ಮೇಲೆ ಬರೋದು. ನಾನು ದಪ್ಪ ಸೀಸದ ಗುಂಡಿಗೆ ಸೋಪು ಒತ್ತಿ ದಾರ ಕಟ್ಟಿ ಇಳಿಸಿದೆ. ಮೇಲೆ ತಂದು ನೋಡಿದ್ರೆ ಒಂದು ಕಡೆ ಸಣ್ಣ ಬಿಳಿ ಮರಳು, ಇನ್ನೊಂದು ಕಡೆ ಚಿಪ್ಪಿನ ಚೂರು, ಆಚೆ ದಿಬ್ಬದ ಹತ್ರ ಏನೂ ಅಂಟಿಲ್ಲ, ಸೋಪಿನ ಮೇಲೆ ಬರೀ ಗೀರು, ಅಂದ್ರೆ ಬಂಡೆ. ಮೆಷೀನ್ ಹೇಳಿದ್ದಕ್ಕಿಂತ ಇದು ನನಗೆ ಜಾಸ್ತಿ ನಂಬಿಕೆ ಕೊಟ್ಟಿತು, ಈಗಲೂ ಹೊಸ ಜಾಗಕ್ಕೆ ಹೋದ್ರೆ ಇದನ್ನೇ ಮಾಡ್ತೀನಿ.

ಈಗ ಲಂಗರಿನ ಜಾತಿಗಳಿಗೆ ಬರೋಣ. ಸಣ್ಣ ದೋಣಿಗಳಲ್ಲಿ ಜಾಸ್ತಿ ಕಾಣೋದು ಡ್ಯಾನ್‌ಫೋರ್ತ್ ಮಾದರಿ, ಎರಡು ಚಪ್ಪಟೆ ಚೂಪು ಅಲಗು, ಮಧ್ಯ ಒಂದು ಕೋಲು, ಅಲಗುಗಳು ಕೋಲಿನ ಎರಡೂ ಕಡೆ ಮಡಚ್ತವೆ. ಅಮೆರಿಕದ ರಿಚರ್ಡ್ ಡ್ಯಾನ್‌ಫೋರ್ತ್ ಮಾಡಿದ್ದು, ಎರಡನೇ ಮಹಾಯುದ್ಧದಲ್ಲಿ ದಡಕ್ಕೆ ಸೈನಿಕರನ್ನ ಇಳಿಸೋ ಹಡಗುಗಳು ವಾಪಸ್ ನೀರಿಗೆ ತಮ್ಮನ್ನ ತಾವೇ ಎಳ್ಕೊಳ್ಳೋಕೆ ಇದನ್ನ ಬಳಸಿದ್ವು, ಹಗುರ ಇದ್ದೂ ಗಟ್ಟಿ ಹಿಡೀತದೆ ಅನ್ನೋದಕ್ಕೆ ಇದಕ್ಕಿಂತ ಪರೀಕ್ಷೆ ಬೇಕಾ? ಮರಳಲ್ಲಿ, ಸ್ವಲ್ಪ ಗಟ್ಟಿ ಕೆಸರಲ್ಲಿ ಇದರ ಸಮ ಇಲ್ಲ, ಚಪ್ಪಟೆ ಆಗಿರೋದ್ರಿಂದ ಸೀಟಿನ ಕೆಳಗೆ ಸೇರ್ಕೊಳ್ಳತ್ತೆ. ಆದ್ರೆ ಜೊಂಡಿನ ಮೇಲೆ ಜಾರತ್ತೆ, ಬಂಡೆ ಮೇಲೆ ಹಿಡಿಯೋಕೆ ಏನೂ ಸಿಗಲ್ಲ, ಒಂದು ಕಲ್ಲೋ ಚಿಪ್ಪೋ ಅಲಗು ಮತ್ತೆ ಕೋಲಿನ ಮಧ್ಯ ಸಿಕ್ಕಾಕ್ಕೊಂಡ್ರೆ ಮಡಚೋದೇ ನಿಂತು ಹೋಗತ್ತೆ. ಗಾಳಿ ಇಲ್ಲಾ ಹರಿವು ಪೂರ್ತಿ ದಿಕ್ಕು ಬದಲಿಸಿದಾಗ ಕಿತ್ಕೊಂಡು ಬಂದು ಮತ್ತೆ ಕಚ್ಚದೇ ಇರೋ ಸಾಧ್ಯತೆನೂ ಇದೆ.

ನೇಗಿಲು ಆಕಾರದ್ದು ಇನ್ನೊಂದು, ಸಿಕ್ಯೂಆರ್ ಅಂತ ಹೆಸರು, 1933ರಲ್ಲಿ ಬ್ರಿಟನ್ನಿನ ಭೌತವಿಜ್ಞಾನಿ ಜಿ.ಐ. ಟೇಲರ್ ಮಾಡಿದ್ದು. ದಿಕ್ಕು ಬದಲಾದ್ರೂ ಮಣ್ಣೊಳಗೇ ತಿರುಗ್ಕೊಳ್ಳತ್ತೆ, ಒಳ್ಳೇದು, ಆದ್ರೆ ತೂಕ ಜಾಸ್ತಿ ಬೇಕು, ಆಕಾರನೂ ಹೇಗೆ ಇಟ್ರೂ ಕಾಲಿಗೆ ತಗಲೋ ಅಂಥದ್ದು. ದೊಡ್ಡ ದೋಣಿಯವರಿಗೆ ಸರಿ. ಬ್ರೂಸ್ ಮಾದರಿ, ಮೂರು ಬೆರಳಿನ ಪಂಜದ ತರದ್ದು, ಬೇಗ ಕಚ್ಚತ್ತೆ, ಕಲ್ಲುಮಿಶ್ರಿತ ತಳದಲ್ಲೂ ಪರವಾಗಿಲ್ಲ, ಆದ್ರೆ ಅದೇ ತೂಕದ ಡ್ಯಾನ್‌ಫೋರ್ತ್‌ಗೆ ಹೋಲಿಸಿದ್ರೆ ಮರಳಲ್ಲಿ ಹಿಡಿತ ಕಮ್ಮಿ. ಅಣಬೆ ಆಕಾರದ್ದು ಮೆತ್ತನೆ ಕೆಸರಿನ ನಿಂತ ನೀರಿಗೆ, ಅದೂ ತೆಪ್ಪದಷ್ಟು ಸಣ್ಣದಕ್ಕೆ ಮಾತ್ರ, ಗಾಳಿ ಬರೋ ಜಾಗದಲ್ಲಿ ಅದನ್ನ ನಂಬೋದು ಬೇಡ.

ಬಂಡೆಗೆ ಗ್ರ್ಯಾಪ್‌ನೆಲ್, ಬಾವಿಗೆ ಬಿದ್ದ ಕೊಡ ತೆಗೆಯೋ ಪಾತಾಳಗರಡಿ ತರ ನಾಲ್ಕು ಕೊಕ್ಕೆ ಇರೋದು. ಬಂಡೆ ಸಂದಿಗೆ ಕೊಕ್ಕೆ ಹಾಕ್ಕೊಂಡು ನಿಲ್ಲತ್ತೆ, ಮರಳಲ್ಲಿ ಮಾತ್ರ ಬಾಚಿಕೊಂಡು ಬಂದ್ಬಿಡತ್ತೆ. ಮಡಚೋ ಗ್ರ್ಯಾಪ್‌ನೆಲ್ ಅಂಗಡಿಲಿ ನೋಡೋಕೆ ಚೆನ್ನಾಗಿರತ್ತೆ, ಸಣ್ಣ ಚೀಲದಲ್ಲಿ ಬರತ್ತೆ, ಅದಕ್ಕೇ ದೋಣಿ ಜೊತೆ ಅದೊಂದನ್ನೇ ಕೊಂಡು ಎಲ್ಲಾ ಕಡೆ ಹಾಕ್ತಾರೆ. ಅದು ನನಗೆ ಸರಿ ಕಾಣಲ್ಲ, ಬಂಡೆ ಜಾಗಕ್ಕೆ ಎರಡನೇ ಲಂಗರಾಗಿ ಇರಲಿ, ಒಂದೇ ಲಂಗರು ಅಂತ ಆದ್ರೆ ಅದು ಬೇಡ.

ನನ್ನ ಜಾಗ ಮುಕ್ಕಾಲು ಪಾಲು ಮರಳು, ಹಾಗಾಗಿ ಮುಖ್ಯ ಲಂಗರು ಡ್ಯಾನ್‌ಫೋರ್ತ್ ಮಾದರಿ, ಸುಮಾರು ಮೂರೂವರೆ ಕೆಜಿದು. ಲಂಗರು ಮಾಡೋ ಕಂಪನಿಯವರು ದೋಣಿ ಉದ್ದಕ್ಕೆ ತಕ್ಕ ಹಾಗೆ ಒಂದು ಪಟ್ಟಿ ಕೊಡ್ತಾರೆ, ನಾನು ಅದರಲ್ಲಿ ನನ್ನ ಉದ್ದಕ್ಕೆ ಹೇಳಿದ್ದಕ್ಕಿಂತ ಒಂದು ಸೈಜ್ ದೊಡ್ಡದು ತಗೊಂಡೆ, ಎತ್ತೋಕೆ ಕೈಗೆ ಭಾರ ಅನ್ಸಲ್ಲ, ಗಾಳಿ ಎದ್ದಾಗ ಮನಸ್ಸಿಗೆ ಧೈರ್ಯ.

ತಗೊಂಡ ಮೇಲೆ ನಾನು ಮಾಡಿದ ಒಂದು ಕೆಲಸ ಎಲ್ಲರೂ ಮಾಡ್ಬೇಕು ಅಂತ ನನ್ನ ಆಸೆ. ಎದೆ ಮಟ್ಟದ ತಿಳಿ ನೀರಲ್ಲಿ ಸ್ನೇಹಿತನ ಕೈಗೆ ಎಂಜಿನ್ ಕೊಟ್ಟು, ಎಂಜಿನ್ನಿಂದ ದೂರ, ಲಂಗರಿನ ಪಕ್ಕದಲ್ಲಿ ಮುಖಕ್ಕೆ ಡೈವಿಂಗ್ ಮಾಸ್ಕ್ ಹಾಕ್ಕೊಂಡು ನಿಂತೆ. ದೋಣಿ ನಿಧಾನ ಹಿಂದೆ ಹೋಗ್ತಾ ಹಗ್ಗ ಬಿಗಿಯಾಯ್ತು, ಮೊದಲು ಲಂಗರು ಮರಳ ಮೇಲೆ ಒಂದು ಗೇಣು ಉಜ್ಜಿಕೊಂಡು ಹೋಯ್ತು, ಆಮೇಲೆ ಅಲಗಿನ ತುದಿ ಕೆಳಗೆ ಬಾಗಿ ಮರಳಿಗೆ ಚುಚ್ಚಿತು, ಮುಂದೆ ಸಣ್ಣ ಮರಳ ಗುಡ್ಡೆ ಎದ್ದಿತು, ಇನ್ನೂ ಎಳೆದ ಹಾಗೆ ಅಲಗು ಪೂರ್ತಿ ಮುಳುಗಿ ಕೋಲಿನ ತುದಿ ಮಾತ್ರ ಕಾಣ್ತಾ ಇತ್ತು. ಕೈಯಲ್ಲಿ ಹಿಡಿದು ಅಲ್ಲಾಡಿಸಿದ್ರೆ ಅಲ್ಲಾಡಲಿಲ್ಲ. ಆಮೇಲೆ ಹಗ್ಗ ಗಿಡ್ಡ ಮಾಡೋಕೆ ಹೇಳಿದೆ. ಹಗ್ಗ ನೆಟ್ಟಗಾಗ್ತಾ ಆಗ್ತಾ ಕೋಲು ಮೇಲೆ ಎದ್ದಿತು, ಅಲಗಿನ ಬೆನ್ನು ಕಂಡಿತು, ಮರುಕ್ಷಣ ಲಂಗರು ಮರಳು ಎರಚ್ಕೊಂಡು ಹೊರಗೆ ಬಂತು. ಅದೇ ಲಂಗರು, ಅದೇ ಮರಳು, ಅದೇ ಎಂಜಿನ್, ಬದಲಾಗಿದ್ದು ಹಗ್ಗದ ಕೋನ ಒಂದೇ.

ಈ ಕೋನಕ್ಕೋಸ್ಕರವೇ ಚೈನ್ ಬೇಕು. ಲಂಗರಿಗೆ ನೇರ ಹಗ್ಗ ಕಟ್ಟಿದ್ರೆ ಅಲೆಗೆ ದೋಣಿ ಎದ್ದಾಗೆಲ್ಲ ಕೋಲನ್ನ ಮೇಲೆ ಎಳೆಯತ್ತೆ, ಮಧ್ಯ ಚೈನ್ ಇದ್ರೆ ಅದರ ಭಾರ ಕೋಲನ್ನ ನೆಲಕ್ಕೆ ಒತ್ತಿ ಇಡತ್ತೆ, ಜೊತೆಗೆ ಕಲ್ಲು ಚಿಪ್ಪಿಗೆ ಉಜ್ಜಿ ಹಗ್ಗ ಸವೆಯೋದು ತಪ್ಪತ್ತೆ. ದೋಣಿ ಉದ್ದದಷ್ಟು ಚೈನ್ ಅನ್ನೋದು ಸಾಮಾನ್ಯ ಲೆಕ್ಕ, ನನ್ನದು 4 ಮೀಟರಿಗೆ ಸ್ವಲ್ಪ ಮೇಲೆ, 6 ಮಿಲಿಮೀಟರ್ ದಪ್ಪದ ಗ್ಯಾಲ್ವನೈಸ್ಡ್, ಅಂದ್ರೆ ಚೈನೇ ಮೂರು ಕೆಜಿ ದಾಟತ್ತೆ. ದುಡ್ಡು ಉಳಿಸೋದಿದ್ರೆ ಬೇರೆ ಎಲ್ಲಾದ್ರೂ ಉಳಿಸಿ, ಚೈನಲ್ಲಿ ಬೇಡ. ಶ್ಯಾಕಲ್‌ನ (ಚೈನನ್ನ ಲಂಗರಿಗೆ ಜೋಡಿಸೋ ಯು ಆಕಾರದ ಕೊಂಡಿ) ಪಿನ್ ತಿರುಗಿ ಬಿಚ್ಕೊಳ್ಳದ ಹಾಗೆ ಅದರ ತೂತಿಗೆ ತಂತಿ ಸುತ್ತಿದೀನಿ, ಅರ್ಧ ನಿಮಿಷದ ಕೆಲಸ.

ಹಗ್ಗ ನೈಲಾನ್, 8 ಮಿಲಿಮೀಟರ್, 50 ಮೀಟರ್. ನೈಲಾನ್ ನೀರಲ್ಲಿ ಮುಳುಗತ್ತೆ, ಚೆನ್ನಾಗಿ ಹಿಗ್ಗತ್ತೆ, ಅಲೆ ಹೊಡೆದಾಗ ಜರ್ಕನ್ನ ಅದೇ ನುಂಗ್ಕೊಳ್ಳತ್ತೆ. ಪಾಲಿಪ್ರೊಪಿಲೀನ್ ಹಗ್ಗ ಅಗ್ಗ ಅಂತ ತಗೊಳ್ತಾರೆ, ಅದು ತೇಲತ್ತೆ, ತೇಲೋ ಹಗ್ಗ ಪ್ರೊಪೆಲ್ಲರ್‌ಗೆ ಸುತ್ಕೊಳ್ಳೋಕೆ ಕಾಯ್ತಾ ಇರತ್ತೆ, ಬಿಸಿಲಿಗೆ ಬೇಗ ಪುಡಿಪುಡಿನೂ ಆಗತ್ತೆ.

ಎಷ್ಟು ಹಗ್ಗ ಬಿಡ್ಬೇಕು ಅನ್ನೋ ಲೆಕ್ಕ ಇಲ್ಲಿದೆ. ನೀರಿನ ಆಳಕ್ಕೆ ದೋಣಿ ಮೂತಿ ನೀರಿಂದ ಎಷ್ಟು ಎತ್ತರ ಇದೆ ಅಂತ ಸೇರಿಸಿ, ಅದನ್ನ 5ರಿಂದ ಗುಣಿಸಿ, ಗಾಳಿ ಇದ್ರೆ 7ರಿಂದ. ಆಳ 6 ಮೀಟರ್, ಮೂತಿ ಅರ್ಧ ಮೀಟರ್ ಅಂದ್ರೆ ಆರೂವರೆ, 5 ಪಟ್ಟು ಅಂದ್ರೆ ಮೂವತ್ತೆರಡೂವರೆ ಮೀಟರ್, 7 ಪಟ್ಟು ಅಂದ್ರೆ ನಲವತ್ತೈದೂವರೆ. ಹಗ್ಗ ನೇರ ಬಿಗಿದಾಗ 3 ಪಟ್ಟಿಗೆ ತಳದ ಜೊತೆ ಕೋನ ಸುಮಾರು 19 ಡಿಗ್ರಿ, 5 ಪಟ್ಟಿಗೆ 11ರ ಮೇಲೆ, 7 ಪಟ್ಟಿಗೆ 8 ಡಿಗ್ರಿ. ತಿಳಿ ನೀರಲ್ಲಿ ನಾನು ಕಣ್ಣಾರೆ ಕಂಡಿದ್ದು ಇದೇ ಲೆಕ್ಕ. ಸಮುದ್ರದಲ್ಲಾದ್ರೆ ಉಬ್ಬರಾನೂ ಸೇರಿಸ್ಬೇಕು, ಇಳಿತದಲ್ಲಿ ಆರೂವರೆ ಮೀಟರಿಗೆ ಲೆಕ್ಕ ಹಾಕಿ 5 ಪಟ್ಟು ಬಿಟ್ಟಿದ್ರಿ, ಆಮೇಲೆ ನೀರು 2 ಮೀಟರ್ ಏರಿತು, ಈಗ ಅದು 4 ಪಟ್ಟೂ ಇಲ್ಲ. ನನ್ನ ಹಗ್ಗಕ್ಕೆ 5 ಮೀಟರಿಗೊಂದು ಬಣ್ಣದ ದಾರ ಹೊಲಿದಿದೀನಿ, ಕತ್ತಲಲ್ಲೂ ಬೆರಳಿಗೆ ಸಿಗತ್ತೆ. ಹಗ್ಗ ಉದ್ದ ಬಿಟ್ಟಷ್ಟೂ ದೋಣಿ ಸುತ್ತೋ ವೃತ್ತ ದೊಡ್ಡದಾಗತ್ತೆ, ಅಕ್ಕಪಕ್ಕ ಬೇರೆ ದೋಣಿ ಇದ್ರೆ ಅದನ್ನೂ ನೋಡ್ಕೊಂಡೇ ಹಾಕ್ಬೇಕು.

ಹಾಕೋವಾಗ ಎಸೆಯಲ್ಲ, ಇಳಿಸ್ತೀನಿ. ಎಸೆದ್ರೆ ಚೈನ್ ಲಂಗರಿನ ಮೇಲೇ ಗುಡ್ಡೆ ಬಿದ್ದು ಅಲಗಿಗೆ ಸುತ್ಕೊಳ್ಳತ್ತೆ. ಮೂತಿನ ಗಾಳಿಗೆ ಎದುರು ಮಾಡಿ ನಿಲ್ಸಿ, ಲಂಗರು ತಳ ಮುಟ್ಟಿದ್ಮೇಲೆ ದೋಣಿ ಹಿಂದೆ ತೇಲ್ತಾ ತೇಲ್ತಾ ಹಗ್ಗ ಬಿಡ್ತಾ ಹೋಗೋದು, ಅಳತೆ ಮುಗಿದಾಗ ಮೂತಿಯಲ್ಲಿ ಹಗ್ಗ ಕಟ್ಟೋ ಗೂಟ, ಅಂದ್ರೆ ಮುಂದಿನ ಕ್ಲೀಟ್‌ಗೆ ಕಟ್ಟಿ ಎಂಜಿನ್ ರಿವರ್ಸಲ್ಲಿ ಮೆಲ್ಲಗೆ ಎಳೆದು ನೋಡೋದು. ಈ ಹೊತ್ತಲ್ಲಿ ಹಗ್ಗದ ಮೇಲೆ ಎರಡು ಬೆರಳಿಡಿ. ಲಂಗರು ಜಾರ್ತಾ ಇದ್ರೆ ಗಡಗಡ ಅಂತ ಸಣ್ಣ ನಡುಕ ಬರತ್ತೆ, ಬಿಗಿಯಾಗತ್ತೆ ಸಡಿಲ ಆಗತ್ತೆ ಮತ್ತೆ ಬಿಗಿಯಾಗತ್ತೆ. ಕಚ್ಚಿದ್ರೆ ಹಗ್ಗ ಒಂದೇ ಸಮ ಬಿಗಿದು ನಿಲ್ಲತ್ತೆ. ಜೊತೆಗೆ ದಡದಲ್ಲಿ ಒಂದರ ಹಿಂದೆ ಒಂದು ಇರೋ ಎರಡು ಗುರುತು, ಒಂದು ಮರ ಹಿಂದೆ ಒಂದು ಕಂಬ ಅಂಥದ್ದು, ದೋಣಿಯ ಪಕ್ಕಕ್ಕೆ ಸಿಗೋದು ಹಿಡ್ಕೊಳ್ತೀನಿ, ಅವು ಒಂದೇ ಗೆರೆಲಿ ಇರೋವರೆಗೆ ದೋಣಿ ಹಿಂದೆ ಸರಿದಿಲ್ಲ. ಫೋನಿನ ಜಿಪಿಎಸ್ ಅಲಾರಂ ಕೂಡ ಇಡಬಹುದು.

ದಯವಿಟ್ಟು ಲಂಗರನ್ನ ಹಿಂಭಾಗಕ್ಕೆ ಮಾತ್ರ ಕಟ್ಬೇಡಿ. ಸಣ್ಣ ದೋಣಿಯ ಹಿಂಭಾಗ ತಗ್ಗು, ಎಂಜಿನ್ ಭಾರ ಬೇರೆ, ಅಲೆ ನೇರ ಒಳಗೆ ಬರತ್ತೆ, ಹಗ್ಗ ಹಿಂದೆ ಬಿಗಿದಿರೋದ್ರಿಂದ ದೋಣಿ ಅಲೆಯ ಮೇಲೆ ಎದ್ದೇಳೋಕೆ ಆಗಲ್ಲ, ನೀರು ತುಂಬಿ ಮುಳುಗೋಕೆ ಹೊತ್ತು ಬೇಕಾಗಲ್ಲ. ಸಿಕ್ಕಾಕ್ಕೊಂಡ ಲಂಗರನ್ನ ಹಿಂದಿನಿಂದ ಎಂಜಿನ್ ಹಾಕಿ ಎಳೆಯೋದೂ ಅಷ್ಟೇ ಅಪಾಯ. ನಿಂತ ಕೆರೆ ನೀರಲ್ಲಿ ದೋಣಿ ಅತ್ತಿತ್ತ ತಿರುಗದೇ ಇರಲಿ ಅಂತ ಮುಂದೆ ಹಾಕಿದ ಮೇಲೆ ಹಿಂದೆ ಒಂದು ಸಣ್ಣ ಭಾರ ಇಳಿಸೋದು ಬೇರೆ, ಅದನ್ನೂ ಗಾಳಿ ಶುರುವಾದ ಕೂಡಲೇ ಮೊದಲು ಎತ್ಬಿಡಿ.

ಬಂಡೆ ಜಾಗಕ್ಕೆ ಗ್ರ್ಯಾಪ್‌ನೆಲ್ ಹಾಕೋವಾಗ ಚೈನನ್ನ ಲಂಗರಿನ ಬುಡಕ್ಕೆ, ಅಂದ್ರೆ ಕೊಕ್ಕೆಗಳಿರೋ ಕಡೆಗೆ, ಶ್ಯಾಕಲ್ ಮಾಡಿ, ಕೋಲಿನ ಉದ್ದಕ್ಕೂ ತಂದು, ತುದಿಯ ತೂತಿಗೆ ಪ್ಲಾಸ್ಟಿಕ್ ಕೇಬಲ್ ಟೈ ಹಾಕಿ ಬಿಗಿತೀನಿ. ಸಾಮಾನ್ಯ ಎಳೆತ ತುದಿಯಿಂದಲೇ ಬರತ್ತೆ. ಸಿಕ್ಕಾಕ್ಕೊಂಡ್ರೆ ನೇರ ಮೇಲಕ್ಕೆ ಬಂದು, ಹಗ್ಗನ ಮುಂದಿನ ಕ್ಲೀಟ್‌ಗೆ ಸುತ್ತಿ ಜೋರಾಗಿ ಎಳೆದ್ರೆ ಟೈ ಮುರಿಯತ್ತೆ, ಎಳೆತ ಬುಡಕ್ಕೆ ಹೋಗಿ ಕೊಕ್ಕೆ ಬಂದ ದಾರಿಲೇ ಹಿಂದಕ್ಕೆ ಬಿಡಿಸ್ಕೊಳ್ಳತ್ತೆ. ಆದ್ರೆ ಅದೇ ಟೈ ಜೋರು ಗಾಳಿಲೂ ಮುರಿಯಬಹುದು, ಹಾಗಾಗಿ ಎಚ್ಚರ ಇದ್ದು ಗಾಳ ಹಾಕೋವಾಗ ಮಾತ್ರ ಇದು, ದೋಣಿ ಬಿಟ್ಟು ಹೋಗೋವಾಗ ಇಲ್ಲಾ ಅದರಲ್ಲೇ ಮಲಗೋವಾಗ ಬೇಡವೇ ಬೇಡ.

ಕೊನೇದಾಗಿ ಹಗ್ಗಕ್ಕೆ ಒಂದು ಫ್ಲೋಟ್ ಕಟ್ಟಿಟ್ಕೊಳ್ಳಿ, ಕ್ಲೀಟಿಂದ ಒಂದೇ ಸಲಕ್ಕೆ ಬಿಚ್ಚೋ ಹಾಗಿರಲಿ, ಪಕ್ಕದಲ್ಲಿ ಹರಿತ ಚಾಕೂನೂ ಇರಲಿ. ದೊಡ್ಡ ಮೀನು ಗಾಳಕ್ಕೆ ಬಿದ್ದು ಓಡೋಕೆ ಶುರು ಮಾಡಿದ್ರೆ, ಇಲ್ಲಾ ದೊಡ್ಡ ಹಡಗು ನಿಮ್ಮ ಕಡೆಗೇ ಬರ್ತಾ ಇದ್ರೆ, ಲಂಗರು ಎತ್ತುತ್ತಾ ಕೂರೋಕೆ ಟೈಮ್ ಇರಲ್ಲ. ಹಗ್ಗ ಬಿಚ್ಚಿ ಫ್ಲೋಟ್ ಸಮೇತ ನೀರಿಗೆ ಬಿಟ್ಟು ಹೊರಟ್ರಾಯ್ತು, ಮೀನು ದೋಣಿಗೆ ಬಂದ್ಮೇಲೆ ವಾಪಸ್ ಹೋಗಿ ಅದೇ ಫ್ಲೋಟ್ ಹಿಡ್ಕೊಂಡ್ರೆ ಲಂಗರೂ ಅಲ್ಲೇ ಇರತ್ತೆ, ಮೀನು ಸಿಕ್ಕ ಜಾಗಾನೂ ತಪ್ಪಿರಲ್ಲ.