ಮಸ್ಟ್ ಒಂದೇ ಕೇಳಿದರೆ ಸಾಲದು: ಇಂಗ್ಲೆಂಡಿಗೆ ಹೊರಟ ನಮ್ಮ ಊರಿನವರಿಗೆ

ನಾನು ರಜೆಗೆ ಉಡುಪಿಗೆ ಬಂದಾಗ ಇಂಗ್ಲೆಂಡಿಗೆ ಹೊರಡಲಿಕ್ಕಿರುವ ಮಕ್ಕಳು ಮನೆಗೆ ಬರುತ್ತಾರೆ. ಮಂಗಳೂರಿನಲ್ಲಿ ನರ್ಸಿಂಗ್ ಮುಗಿಸಿದವರೇ ಜಾಸ್ತಿ. ಮಣಿಪಾಲದಲ್ಲಿ ಓದಿ ಎಂಎಸ್ಸಿಗೆ ಹೋಗುವವರೂ ಇರುತ್ತಾರೆ. ಚಳಿ ಹೇಗೆ, ಬಾಡಿಗೆ ಎಷ್ಟು, ಕುಚ್ಚಲಕ್ಕಿ ಸಿಗುತ್ತದಾ ಅಂತ ಕೇಳುತ್ತಾರೆ. ಅದೆಲ್ಲ ಹೋದ ಮೇಲೆ ತಾನಾಗಿ ಗೊತ್ತಾಗುತ್ತದೆ. ನಾನು ಮೊದಲು ಕೂರಿಸಿ ಹೇಳುವುದು ಇಂಗ್ಲಿಷಿನ ಒಂದು ಸಣ್ಣ ವಿಷಯವನ್ನು. ಹೊಸಬರಿಗೆ ತೊಂದರೆ ಕೊಡುವುದು ದೊಡ್ಡ ದೊಡ್ಡ ಪದಗಳಲ್ಲ, ಇದೇ.

ಕ್ಯಾನ್, ಮಸ್ಟ್, ಶುಡ್, ಮೇ, ಮೈಟ್, ವಿಲ್. ಇವನ್ನು ಶಾಲೆಯಲ್ಲಿ ಮೋಡಲ್ ವರ್ಬ್ ಅಂತ ಕಲಿತೆವು. ಎಟ್, ಬೈ, ಇನ್, ವಿತಿನ್, ಅನ್‌ಟಿಲ್ ಪ್ರಿಪೊಸಿಷನ್ ಅಂತ ಇನ್ನೊಂದು ದಿನ, ಇನ್ನೊಂದು ಪಾಠದಲ್ಲಿ ಬಂದವು. ಆದರೆ ವಾರ್ಡಿನ ಮಾತಿನಲ್ಲಿ, ಬಾಡಿಗೆ ಕರಾರಿನಲ್ಲಿ, ಸ್ಟೇಷನ್ನಿನ ಬೋರ್ಡಿನಲ್ಲಿ ಎರಡೂ ಒಟ್ಟಿಗೇ ಬರುತ್ತವೆ. ಹೇಳಿದ್ದು ಆಜ್ಞೆಯೋ ಊಹೆಯೋ, ಎಲ್ಲಿಯವರೆಗೆ, ಯಾವಾಗಿನಿಂದ ಎನ್ನುವುದನ್ನು ಎಷ್ಟೋ ಸಲ ಪ್ರಿಪೊಸಿಷನ್ನಿನಿಂದ ಶುರುವಾಗುವ ಕೊನೆಯ ಸಣ್ಣ ತುಂಡೇ ತಿಳಿಸುತ್ತದೆ.

ವಾಕ್ಯ ಕಟ್ಟುವ ಕ್ರಮವನ್ನು ಬೇಗ ಹೇಳಿಬಿಡುತ್ತೇನೆ. ನಮ್ಮಲ್ಲಿ ‘ಅಪ್ಪ ಅಂಗಡಿಯಲ್ಲಿ’ ಅಂದರೆ ಮಾತು ಮುಗಿಯಿತು, ಕ್ರಿಯಾಪದ ಬೇಕಾಗಿಲ್ಲ. ಇಂಗ್ಲಿಷಿನಲ್ಲಿ ಮೋಡಲ್ ಮತ್ತು ಪ್ರಿಪೊಸಿಷನ್ ನಡುವೆ ಒಂದು ಕ್ರಿಯಾಪದ ಇರಲೇಬೇಕು. ‘ಐ ವಿಲ್ ಇನ್ ದ ವಾರ್ಡ್’ ಆಗುವುದಿಲ್ಲ, ‘ಐ ವಿಲ್ ಬಿ ಇನ್ ದ ವಾರ್ಡ್’ ಆಗಬೇಕು. ಅವಸರದಲ್ಲಿ ಬಿಟ್ಟುಹೋಗುವುದು ಹೆಚ್ಚಾಗಿ ಆ ‘ಬಿ’. ‘ಐ ಮಸ್ಟ್ ಟು ಗೋ’, ‘ಐ ಕ್ಯಾನ್ ಏಬಲ್ ಟು ಕಮ್’ ಅನ್ನುವ ಅಭ್ಯಾಸ ಇದ್ದರೆ ಊರಿನಲ್ಲೇ ಬಿಟ್ಟುಹೋಗಿ. ಜರ್ಮನಿಗೆ ಹೋಗುವವರಿಗೆ ಮಾತ್ರ ಬೇರೆ ಲೆಕ್ಕ. ಅಲ್ಲಿ ‘ಇಷ್ ಮುಸ್ ನಾಖ್ ಹೌಜೆ’ ಅಂದರೆ ಮನೆಗೆ ಹೋಗಬೇಕು ಅಂತಲೇ ಅರ್ಥ, ಹೋಗು ಎನ್ನುವ ಪದ ಬೇಡ. 1600ರ ಸುಮಾರಿನ ಇಂಗ್ಲಿಷಿನಲ್ಲೂ ಹೀಗೆ ಹೇಳಬಹುದಿತ್ತು. ಈಗ ಆಗುವುದಿಲ್ಲ.

ಇನ್ನು ಮುಖ್ಯ ವಿಷಯ. ‘ಸಿಸ್ಟರ್ ಮಸ್ಟ್ ಬಿ ಇನ್ ದಿ ಆಫೀಸ್ ಬೈ ನೈನ್’ ಅಂದರೆ ಒಂಬತ್ತರೊಳಗೆ ಅವರು ಅಲ್ಲಿರುವುದು ಕಡ್ಡಾಯ. ಅದೇ ವಾಕ್ಯದ ಕೊನೆಯಲ್ಲಿ ‘ಬೈ ನೌ’ ಅಂತ ಬಂದರೆ ಆಜ್ಞೆ ಹೋಗಿ ಊಹೆಯಾಗುತ್ತದೆ. ಇಷ್ಟು ಹೊತ್ತಿಗೆ ಆಫೀಸಿಗೆ ಬಂದಿರಬೇಕು ಅಂತ. ನಮ್ಮ ‘ಇರಬೇಕು’ ಕೂಡ ಈ ಎರಡೂ ಕೆಲಸ ಮಾಡುತ್ತದಲ್ವಾ? ಹಾಗಾಗಿ ಮಸ್ಟ್ ನಮಗೆ ಬೇಗ ಹಿಡಿತಕ್ಕೆ ಸಿಗುತ್ತದೆ. ಕಷ್ಟ ಶುಡ್ ಮತ್ತು ವಿಲ್‌ನದ್ದು. ‘ಹಿ ವಿಲ್ ಬಿ ಆನ್ ದ ಬಸ್ ಬೈ ನೌ’ ಅಂದರೆ ಮುಂದೆ ಬಸ್ ಹತ್ತುತ್ತಾನೆ ಅಂತ ಅಲ್ಲ, ಈಗಾಗಲೇ ಹತ್ತಿರಬೇಕು ಅಂತ. ಕಾರ್ಕಳ ಕಡೆಯ ಹುಡುಗಿಯೊಬ್ಬಳಿಗೆ ‘ಯುವರ್ ನೇಮ್ ಶುಡ್ ಬಿ ಆನ್ ದ ರೋಟಾ ಫ್ರಮ್ ಮಂಡೇ’ ಅಂದರು. ಅವಳು ಸೋಮವಾರ ಬೆಳಗ್ಗೆ ಚಳಿಯಲ್ಲಿ ಎರಡು ಬಸ್ ಬದಲಾಯಿಸಿ ಹೋದಳು. ಡ್ಯೂಟಿ ಪಟ್ಟಿಯಲ್ಲಿ ಹೆಸರೇ ಇರಲಿಲ್ಲ. ಶುಡ್, ಅದರ ಹಿಂದೆ ಬಿ, ಅದರ ಹಿಂದೆ ಜಾಗವೋ ದಿನವೋ ಬಂದರೆ ಅದು ಹೆಚ್ಚಾಗಿ ‘ಇರಬೇಕು, ನೋಡಿಕೊಳ್ಳಿ’ ಎನ್ನುವ ಮಾತು. ಗ್ಯಾರಂಟಿ ಅಲ್ಲ. ಹೊರಡುವ ಮೊದಲು ಒಂದು ಸಲ ಕೇಳಿ.

ನರ್ಸಿಂಗಿಗೆ ಹೋಗುವವರು ಇದೊಂದನ್ನು ಬಾಯಿಪಾಠವೇ ಮಾಡಿಕೊಳ್ಳಿ. ‘ಷಿ ಮಸ್ಟ್ ಬಿ ಎಟ್ ದ ಹಾಸ್ಪಿಟಲ್’ ಅಂದರೆ ಅವಳು ಕೆಲಸಕ್ಕೋ ಯಾರನ್ನಾದರೂ ನೋಡಲಿಕ್ಕೋ ಅಲ್ಲಿಗೆ ಹೋಗಿರಬೇಕು. ‘ಷಿ ಮಸ್ಟ್ ಬಿ ಇನ್ ಹಾಸ್ಪಿಟಲ್’ ಅಂದರೆ ಅವಳು ಅಡ್ಮಿಟ್ ಆಗಿರಬೇಕು. ಫೋನಿನಲ್ಲಿ ಸಹೋದ್ಯೋಗಿಯ ಬಗ್ಗೆ ಎರಡನೆಯದನ್ನು ಹೇಳಿದರೆ ಕೇಳಿದವರು ಗಾಬರಿಯಾಗುತ್ತಾರೆ. ‘ಹಿ ಮಸ್ಟ್ ಬಿ ನಿಲ್ ಬೈ ಮೌತ್ ಫ್ರಮ್ ಮಿಡ್‌ನೈಟ್’ ಎನ್ನುವುದು ಬ್ರಿಟನ್ನಿನ ವಾರ್ಡುಗಳ ನಿತ್ಯದ ಮಾತು. ಮಧ್ಯರಾತ್ರಿಯಿಂದ ಬಾಯಿಯ ಮೂಲಕ ಏನೂ ಕೊಡಬಾರದು ಅಂತ. ಆ ‘ಫ್ರಮ್’ ನಿಮಗೆ ಕೇಳಿಸದೆ ಹೋದರೆ ರೋಗಿಗಳು ಸಂಜೆಯ ಊಟವನ್ನೂ ಸುಮ್ನೆ ಕಳೆದುಕೊಳ್ಳುತ್ತಾರೆ.

ಸಮಯದ ತುಂಡುಗಳ ಬಗ್ಗೆ ಇನ್ನೂ ಸ್ವಲ್ಪ ಹೇಳಬೇಕು. ನಾವು ‘ಒಳಗೆ’ ಅನ್ನುವ ಒಂದೇ ಪದದಲ್ಲಿ ಎಷ್ಟೋ ಸುಧಾರಿಸುತ್ತೇವೆ. ಅಲ್ಲಿ ಹಾಗಲ್ಲ. ‘ಬೈ ಫ್ರೈಡೇ’ ಅಂದರೆ ಶುಕ್ರವಾರವೂ ಸೇರಿತು. ‘ಬಿಫೋರ್ ಫ್ರೈಡೇ’ ಅಂದರೆ ಗುರುವಾರಕ್ಕೇ ಮುಗಿಯಿತು. ‘ವಿತಿನ್ ಟೆನ್ ಮಿನಿಟ್ಸ್’ ಹತ್ತು ನಿಮಿಷದೊಳಗೆ ಯಾವಾಗ ಬೇಕಾದರೂ. ‘ಐ ಕ್ಯಾನ್ ಬಿ ದೇರ್ ಇನ್ ಟೆನ್ ಮಿನಿಟ್ಸ್’ ಅಂದರೆ ಇನ್ನು ಹತ್ತು ನಿಮಿಷಕ್ಕೆ ಅಲ್ಲಿರುತ್ತೇನೆ ಅಂತ. ಬಾಡಿಗೆ ಮನೆಯ ಪತ್ರದಲ್ಲಿ ‘ಮಸ್ಟ್ ಬಿ ಇನ್ ಅವರ್ ಅಕೌಂಟ್ ಬೈ ಮಂಡೇ’ ಅಂತ ಇದ್ದರೆ ಸೋಮವಾರ ಕಳಿಸಿದರೆ ಸಾಲದು, ಅಷ್ಟರಲ್ಲಿ ಹಣ ಅವರ ಖಾತೆಗೆ ಮುಟ್ಟಿರಬೇಕು. ಇಂಥ ಗಡುವು ನಿಮ್ಮ ಪರವಾಗಿಯೂ ಉಂಟು. ಇಂಗ್ಲೆಂಡಿನಲ್ಲಿ ಸಾಮಾನ್ಯ ಬಾಡಿಗೆ ಮನೆಗಳ ಡೆಪಾಸಿಟ್ಟನ್ನು ಮನೆಯ ಮಾಲಕರು ಸರಕಾರ ಒಪ್ಪಿದ ಸ್ಕೀಮಿನಲ್ಲಿ ಇಡಬೇಕು, ಅದೂ ‘ವಿತಿನ್ 30 ಡೇಸ್’. ಎಣಿಕೆ ಶುರುವಾಗುವುದು ಹಣ ಅವರ ಕೈಗೆ ಸಿಕ್ಕಿದ ದಿನದಿಂದ. ನಮ್ಮ ಲೈಸೆನ್ಸಿನಲ್ಲಿ ಅಲ್ಲಿ ಕಾರು ಓಡಿಸುವುದೂ ಹೀಗೇ. ‘ಯು ಕ್ಯಾನ್ ಡ್ರೈವ್ ಫಾರ್ 12 ಮಂತ್ಸ್’ ಅನ್ನುವಾಗ ಲೆಕ್ಕ ಹಿಡಿಯುವುದು ನೀವು ಅಲ್ಲಿ ವಾಸಕ್ಕೆ ನೆಲೆಯಾದ ದಿನದಿಂದ. ಮೊದಲ ಸಲ ಸ್ಟೀರಿಂಗ್ ಹಿಡಿದ ದಿನದಿಂದ ಅಲ್ಲ.

ಬೇಡ ಎನ್ನುವ ವಾಕ್ಯಗಳಲ್ಲಿ ಒಂದನ್ನು ಬಿಡುವ ಹಾಗಿಲ್ಲ. ರೈಲು ಟಿಕೆಟಿನ ವಿಷಯದಲ್ಲಿ ‘ಯು ಮೇ ನಾಟ್ ಟ್ರಾವೆಲ್ ಬಿಫೋರ್ ಹಾಫ್ ಪಾಸ್ಟ್ ನೈನ್’ ಅಂದರೆ ಒಂಬತ್ತೂವರೆಗೆ ಮೊದಲು ಹತ್ತಬಾರದು. ಇದು ನಿಷೇಧ. ‘ದ ಟ್ರೇನ್ ಮೇ ನಾಟ್ ಅರೈವ್ ಬಿಫೋರ್ ಹಾಫ್ ಪಾಸ್ಟ್ ನೈನ್’ ಅಂದರೆ ಬರಲಿಕ್ಕಿಲ್ಲವೋ ಏನೋ ಅಂತ. ಕೊನೆಯ ತುಂಡು ಅದೇ ಇದ್ದರೂ ಯಾರ ಬಗ್ಗೆ ಮಾತು ಅಂತ ನೋಡಿದರೆ ಅರ್ಥ ಗೊತ್ತಾಗುತ್ತದೆ. ‘ಮಸ್ಟ್ ನಾಟ್ ಪೇ ಅನ್‌ಟಿಲ್ ದ ಫಸ್ಟ್’ ಅಂದರೆ ಒಂದನೇ ತಾರೀಕಿನವರೆಗೆ ಕಟ್ಟಬಾರದು. ‘ನೀಡ್ ನಾಟ್ ಪೇ’ ಅಂದರೆ ಕಟ್ಟಬೇಕಾಗಿಲ್ಲ, ಕಟ್ಟಿದರೆ ತಪ್ಪೂ ಇಲ್ಲ.

ಲಂಡನ್ನಿನ ಅಂಡರ್‌ಗ್ರೌಂಡಿನಲ್ಲಿ ‘ಡಾಗ್ಸ್ ಮಸ್ಟ್ ಬಿ ಕ್ಯಾರೀಡ್ ಆನ್ ದಿ ಎಸ್ಕಲೇಟರ್’ ಎನ್ನುವ ಸೂಚನೆ ಭಾಷೆ ಕಲಿಸುವವರಿಗೆಲ್ಲ ಗೊತ್ತು. ನಾಯಿ ಇದ್ದರೆ ಎತ್ತಿಕೊಳ್ಳಿ ಅಂತ ಅದರ ಅರ್ಥ. ವ್ಯಾಕರಣ ಹಿಡಿದು ಓದಿದರೆ ಹತ್ತುವವರೆಲ್ಲ ನಾಯಿ ಎತ್ತಿಕೊಂಡಿರಬೇಕು ಅಂತಲೂ ಆಗುತ್ತದೆ. ಜಾಗ ನೋಡಿ ಅರ್ಥ ಮಾಡಿಕೊಳ್ಳುವುದು ಇಂಗ್ಲಿಷ್ ಹುಟ್ಟು ಭಾಷೆ ಆದವರಿಗೂ ತಪ್ಪಿದ್ದಲ್ಲ.

ಮೈಟ್ ವಿಷಯದಲ್ಲಿ ತುಂಬಾ ಜಾಗ್ರತೆ. ಮೇಲಿನವರು ‘ಯು ಮೈಟ್ ವಾಂಟ್ ಟು ಸ್ಪೀಕ್ ಟು ದ ಮ್ಯಾನೇಜರ್ ಬಿಫೋರ್ ಫ್ರೈಡೇ’ ಅಂದರೆ ನಿಮಗೆ ಇಷ್ಟ ಇದ್ದರೆ ಮಾತಾಡಿ ಅಂತ ತಿಳಿಯಬೇಡಿ. ಗುರುವಾರದೊಳಗೆ ಹೋಗಿ ಮಾತಾಡಿ. ಮಾತು ಮೆತ್ತಗೆ ಇದ್ದರೂ ಹಿಂದೆ ಗಡುವು ಬಂದರೆ ಅದು ಕೆಲಸ ಹಚ್ಚಿದ ಹಾಗೆಯೇ.

ಉಚ್ಚಾರದಲ್ಲೂ ಒಂದು ಉಂಟು. ನಮ್ಮ ಕಡೆಯವರು ಪ್ರತಿ ಪದವನ್ನೂ ಸಮನಾಗಿ ಒತ್ತಿ ಹೇಳುತ್ತೇವೆ. ಅವರು ಕ್ಯಾನ್ ಅನ್ನು ‘ಕನ್’ ಅಂತ ನುಂಗಿ ಭಾರವನ್ನು ‘ಮಂಡೇ’ ಮೇಲೆ ಹಾಕುತ್ತಾರೆ: ‘ಐ ಕನ್ ಕಮ್ ಆನ್ ಮಂಡೇ’. ಲಂಡನ್ ಕಡೆ ಆಗುವುದಿಲ್ಲ ಅನ್ನಲಿಕ್ಕೆ ‘ಕಾಂಟ್’ ಅಂತ ಎಳೆದು ಹೇಳುತ್ತಾರೆ. ಉದ್ದ ಕೇಳಿದರೆ ಇಲ್ಲ ಅಂತ ತಿಳಿಯಿರಿ.

ಅಭ್ಯಾಸಕ್ಕೆ ಕೋರ್ಸ್ ಬೇಕಾಗಿಲ್ಲ. ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದಿಂದ ದೇರಳಕಟ್ಟೆಗೆ ಹೋಗುವ ಬಸ್ಸಿನಲ್ಲಿ ಕೂತು ಮನಸ್ಸಿನಲ್ಲೇ ಹೇಳಿ ನೋಡಿ. ‘ಐ ಮಸ್ಟ್ ಬಿ ಇನ್ ದೇರಳಕಟ್ಟೆ ಬಿಫೋರ್ ನೈನ್.’ ‘ವಿ ಶುಡ್ ಬಿ ಎಟ್ ಪಂಪ್‌ವೆಲ್ ಬೈ ನೌ.’ ‘ಐ ಕ್ಯಾನ್ ಗೆಟ್ ಆಫ್ ಎಟ್ ತೊಕ್ಕೊಟ್ಟು.’ ಊರಿಗೆ ಇನ್, ಸ್ಟಾಪಿಗೆ ಎಟ್. ಇಂಗ್ಲೆಂಡಿನಲ್ಲಿ ಸಂಶಯ ಬಂದರೆ ಇಡೀ ವಾಕ್ಯ ಮತ್ತೆ ಕೇಳುವ ಬದಲು ಆ ತುಂಡನ್ನು ಮಾತ್ರ ಹಿಡಿದು ಕೇಳಿ: ‘ಬೈ ಮಂಡೇ, ಆರ್ ಆನ್ ಮಂಡೇ?’ ಯಾರೂ ತಪ್ಪು ತಿಳಿಯುವುದಿಲ್ಲ. ಇಂಗ್ಲಿಷಿನವರೇ ತಮ್ಮತಮ್ಮೊಳಗೆ ಹಾಗೆ ಕೇಳಿಕೊಳ್ಳುತ್ತಾರೆ.