ರೆಂಡರ್ ಎಲ್ಲಿ ನಿಂತಿತು?

ಯಕ್ಷಗಾನ ಬಯಲಾಟಗಳನ್ನು ಚಿತ್ರೀಕರಿಸಿ ಸಂಕಲಿಸುವುದು ನನ್ನ ಕೆಲಸ. ಪ್ರಸಂಗಗಳು ಗಂಟೆಗಟ್ಟಲೆ ಉದ್ದ. ಸಂಕಲಿಸಿದ್ದನ್ನು ಒಂದೇ ವಿಡಿಯೊ ಫೈಲಾಗಿ ಬರೆಸಲು, ಅಂದರೆ ರೆಂಡರ್‌ಗೆ, ರಾತ್ರಿ ಹಾಕಿ ಮಲಗಿದರೆ ಬೆಳಿಗ್ಗೆ ಪರದೆಯ ಮೇಲೆ ‘ಅಜ್ಞಾತ ದೋಷ’ ಎಂಬ ಎರಡು ಪದಗಳಷ್ಟೇ ಕಾದಿರುವುದುಂಟು. ಆ ಸಂದೇಶದಿಂದ ನನಗೆ ಇದುವರೆಗೆ ಯಾವ ಉಪಕಾರವೂ ಆಗಿಲ್ಲ. ನಾನು ನೋಡುವುದು ಬೇರೆಯದನ್ನು: ಎಲ್ಲಿ ನಿಂತಿತು, ಮತ್ತೆ ಓಡಿಸಿದರೆ ಅಲ್ಲಿಯೇ ನಿಲ್ಲುತ್ತದೆಯೇ?

ಪ್ರತಿಸಲವೂ ಬೇರೆ ಬೇರೆ ಕಡೆ ನಿಂತರೆ ಯಂತ್ರದ ಮೇಲೆ ಅನುಮಾನ: ಬಿಸಿ, ಮೆಮೊರಿ, ಗ್ರಾಫಿಕ್ಸ್ ಡ್ರೈವರ್. ಕರಾವಳಿಯ ಏಪ್ರಿಲ್ ಸೆಕೆಯಲ್ಲಿ ಮೊದಲು ಫ್ಯಾನಿನ ಧೂಳು ಕೊಡವುತ್ತೇನೆ. ಒಂದೇ ಜಾಗದಲ್ಲಿ ನಿಂತರೆ ದೋಷ ಟೈಮ್‌ಲೈನ್‌ನಲ್ಲಿದೆ, ಅಂದರೆ ತುಣುಕುಗಳನ್ನು ಸಾಲಾಗಿ ಜೋಡಿಸಿದ ಪಟ್ಟಿಯಲ್ಲಿ.

ಒಮ್ಮೆ 40 ನಿಮಿಷದ ಒಂದು ಭಾಗ ಶೇಕಡಾ 63ಕ್ಕೆ ಬಂದು ನಿಲ್ಲುತ್ತಿತ್ತು. ಸೆಕೆಂಡಿಗೆ 25 ಫ್ರೇಮ್‌ನಂತೆ ಒಟ್ಟು 60,000 ಫ್ರೇಮ್. ಅದರ ಶೇಕಡಾ 63 ಎಂದರೆ 37,800ನೆಯದು, ಅಂದರೆ 25 ನಿಮಿಷ 12 ಸೆಕೆಂಡಿನ ಜಾಗ. ಶೇಕಡಾ 1 ಎಂದರೆ 24 ಸೆಕೆಂಡ್ ಆಗುವುದರಿಂದ ಆಚೀಚೆ ಅರ್ಧ ನಿಮಿಷವನ್ನು ಗುರುತು ಹಾಕಿ, ಅದನ್ನೇ ಇಬ್ಭಾಗ ಮಾಡುತ್ತಾ ರೆಂಡರ್ ಮಾಡಿದೆ. ಕೊನೆಗೆ ಉಳಿದದ್ದು ಸಂಘಟಕರು ಕೊಟ್ಟ ಸನ್ಮಾನದ ಫೋಟೊ! ಫೈಲು ಕೆಲವೇ ಎಂಬಿ, ಯಾರಿಗೂ ಅನುಮಾನ ಬಾರದು. ಆದರೆ ಅದು 108 ಮೆಗಾಪಿಕ್ಸೆಲ್ ಮೊಬೈಲಿನದು, ಅಗಲ 12,000 ಪಿಕ್ಸೆಲ್. ಮೆಮೊರಿಯಲ್ಲಿ ಬಿಚ್ಚಿಕೊಂಡಾಗ 32 ಬಿಟ್ ಸಂಸ್ಕರಣೆಯಲ್ಲಿ ಮೂರು ಬಣ್ಣ ಮತ್ತು ಪಾರದರ್ಶಕತೆಗೆ ತಲಾ 4 ಬೈಟ್‌ನಂತೆ ಒಂದೊಂದು ಪಿಕ್ಸೆಲ್ಲಿಗೂ 16 ಬೈಟ್ ಬೇಕು; ಒಟ್ಟು 1.7 ಜಿಬಿಗೂ ಹೆಚ್ಚು. ನನ್ನ ಗ್ರಾಫಿಕ್ಸ್ ಕಾರ್ಡಿನಲ್ಲಿರುವುದೇ 4 ಜಿಬಿ. ಮೇಲೆ ನಿಧಾನ ಜೂಮ್ ಬೇರೆ ಹಾಕಿದ್ದೆ. ಫೋಟೊ ತಿದ್ದುವ ಜಿಂಪ್ ತಂತ್ರಾಂಶದಲ್ಲಿ 3,840 ಪಿಕ್ಸೆಲ್ ಅಗಲಕ್ಕೆ ಇಳಿಸಿದ ಮೇಲೆ ರೆಂಡರ್ ಸಲೀಸಾಗಿ ದಾಟಿಹೋಯಿತು.

ಪ್ರೇಕ್ಷಕರ ಮೊಬೈಲ್ ತುಣುಕುಗಳದ್ದು ಇನ್ನೊಂದು ರಗಳೆ. ಅವುಗಳಲ್ಲಿ ಫ್ರೇಮ್ ದರ ಬೆಳಕಿಗೆ ತಕ್ಕಂತೆ ಏರಿಳಿಯುವುದುಂಟು. ರೆಂಡರ್ ಮುಗಿದರೂ ಚೆಂಡೆಯ ಪೆಟ್ಟು ಒಂದು ಕಡೆ, ವೇಷಧಾರಿಯ ಹೆಜ್ಜೆ ಇನ್ನೊಂದು ಕಡೆ. ಫೈಲಿನ ವಿವರ ತೋರಿಸುವ ಮೀಡಿಯಾಇನ್ಫೋದಲ್ಲಿ ನೋಡಿ, ವಿಡಿಯೊ ಪರಿವರ್ತಿಸುವ ಹ್ಯಾಂಡ್‌ಬ್ರೇಕ್‌ನಲ್ಲಿ ಸ್ಥಿರ ದರಕ್ಕೆ ತಂದ ಮೇಲೆಯೇ ಅವುಗಳಿಗೆ ಟೈಮ್‌ಲೈನ್ ಪ್ರವೇಶ.

ಪೆನ್‌ಡ್ರೈವ್‌ಗೆ ನೇರವಾಗಿ ಬರೆಯುವಾಗ ಫೈಲು 4 ಜಿಬಿ ತಲುಪಿ ನಿಂತರೆ ತಲೆಕೆಡಿಸಿಕೊಳ್ಳುವುದೇ ಬೇಡ. ಅದು ಎಫ್ಎಟಿ32 ಎಂಬ ಹಳೆಯ ಫೈಲ್ ವ್ಯವಸ್ಥೆಯದು, 4 ಜಿಬಿಗಿಂತ ದೊಡ್ಡ ಫೈಲನ್ನು ಹಿಡಿಯುವುದಿಲ್ಲ. ಸೆಕೆಂಡಿಗೆ 20 ಮೆಗಾಬಿಟ್‌ನಂತೆ ಬರೆದರೆ ಸುಮಾರು 28 ನಿಮಿಷಕ್ಕೆ ಆ ಗಡಿ ಬರುತ್ತದೆ.

ಈಗ ದೀರ್ಘ ಪ್ರಸಂಗಗಳನ್ನು ನೇರವಾಗಿ ಎಂಪಿ4ಗೆ ಕಳಿಸುವುದಿಲ್ಲ. ಸಾಮಾನ್ಯ ಎಂಪಿ4 ಫೈಲು ಯಾವ ಫ್ರೇಮ್ ಎಲ್ಲಿದೆ ಎಂಬ ತನ್ನ ಸೂಚಿಯನ್ನು ಬರೆಯುವುದು ಕೊನೆಯಲ್ಲಿ; ನಡುವೆ ನಿಂತರೆ ಅಷ್ಟು ಹೊತ್ತಿನ ದುಡಿಮೆ ತೆರೆಯಲಾಗದ ಫೈಲಾಗಿ ಬಿದ್ದಿರುತ್ತದೆ. ಎಂಕೆವಿ ಎಂಬ ಇನ್ನೊಂದು ವಿಡಿಯೊ ಫೈಲ್ ಮಾದರಿಯಲ್ಲಿ ಬರೆದಷ್ಟು ಭಾಗವಾದರೂ ಓಡುತ್ತದೆ. ಹಾಗಾಗಿ ಹದಿನೈದಿಪ್ಪತ್ತು ನಿಮಿಷದ ತುಂಡುಗಳನ್ನು ಎಂಕೆವಿಯಲ್ಲಿ ತೆಗೆದು, ಎಫ್ಎಫ್‌ಎಂಪೆಗ್ ಎಂಬ ತಂತ್ರಾಂಶದಿಂದ ಮರುಸಂಕೋಚನವಿಲ್ಲದೆ ಜೋಡಿಸುತ್ತೇನೆ. ತುಂಡರಿಸುವುದು ಚೆಂಡೆ ಮದ್ದಳೆಗಳಿಲ್ಲದ, ಬರೀ ಅರ್ಥಗಾರಿಕೆ ನಡೆಯುವ ಕಡೆ, ಅದೂ ಎರಡು ಮಾತುಗಳ ನಡುವೆ. ಎಎಸಿ ಎಂಬ ಸಂಕುಚಿತ ಧ್ವನಿಯ ಬೆಸುಗೆಯಲ್ಲಿ ಕೂದಲೆಳೆಯ ಬಿರುಕು ಉಳಿಯುತ್ತದೆ, ತಾಳದ ನಡುವೆ ಬಂದರೆ ಹಿಮ್ಮೇಳದವರು ತಕ್ಷಣ ಹಿಡಿಯುತ್ತಾರೆ. ಡಿಸ್ಕಿನಲ್ಲಿ ಜಾಗವಿದ್ದಾಗ ತುಂಡುಗಳ ಧ್ವನಿಯನ್ನು ಸಂಕೋಚನವಿಲ್ಲದ ಪಿಸಿಎಂ ಆಗಿಯೇ ಇಟ್ಟುಕೊಳ್ಳುತ್ತೇನೆ; ಆಗ ಎಲ್ಲಿ ಬೇಕಾದರೂ ಕತ್ತರಿಸಬಹುದು.