ಹೆಬ್ಬೆಟ್ಟು ಒತ್ತಿದ ಮೇಲೆ ಅಜ್ಜಿ ಕೇಳಿದ್ದು

ಕೋಲಾರದ ಕಡೆ ಒಂದು ಮೆಡಿಕಲ್ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಪಿಜಿ ಮಕ್ಕಳಿಗೆ ಸಂಶೋಧನೆಯ ನೀತಿ ಹೇಳಿಕೊಡುವುದೂ ನನ್ನ ಪಾಲಿನ ಕೆಲಸ. ಮೊದಲೆಲ್ಲ ಸ್ಲೈಡ್ ಹಾಕಿ ಹೇಳುತ್ತಿದ್ದೆ. 1947ರ ನ್ಯೂರೆಂಬರ್ಗ್ ಸಂಹಿತೆ, 1964ರ ಹೆಲ್ಸಿಂಕಿ ಘೋಷಣೆ, ನಮ್ಮ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ 2017ರ ಮಾರ್ಗಸೂಚಿ, ಎಲ್ಲವೂ ಮನುಷ್ಯರ ಮೇಲೆ ಸಂಶೋಧನೆ ಮಾಡುವಾಗ ಪಾಲಿಸಬೇಕಾದ ನಿಯಮಗಳು. ಮಕ್ಕಳು ಪರೀಕ್ಷೆಯಲ್ಲಿ ಚೆನ್ನಾಗೇ ಬರೆಯುತ್ತಿದ್ದರು.

ಆಮೇಲೆ ಬಾಗೇಪಲ್ಲಿ ಕಡೆಯ ಒಂದು ಹಳ್ಳಿಗೆ ಹೋದೆವು. ಬೋರ್‌ವೆಲ್ ನೀರಿನ ಫ್ಲೋರೈಡ್, ಹಲ್ಲಿನ ಕಲೆ, ಮಂಡಿ ನೋವು, ಇದರ ಮೇಲೆ ಒಬ್ಬಳ ಥೀಸಿಸ್. ಅಜ್ಜಿಯೊಬ್ಬರಿಗೆ ಅಧ್ಯಯನಕ್ಕೆ ಸೇರುವ ಒಪ್ಪಿಗೆ ಪತ್ರ ಓದಿ ಹೇಳಿದಳು. ಅಜ್ಜಿ ತಲೆಯಾಡಿಸಿದರು, ಹೆಬ್ಬೆಟ್ಟು ಒತ್ತಿದರು, ಬೆರಳಿನ ಇಂಕನ್ನು ಸೆರಗಿಗೆ ಒರೆಸಿಕೊಂಡು ನನ್ನ ಕಡೆ ತಿರುಗಿ, "ಪಿಂಚಿನಿ ಎಪ್ಪುಡೊಸ್ತುಂದಿ ಸಾರೂ?" ಅಂದರು. ಪೆನ್ಷನ್ ಯಾವಾಗ ಬರುತ್ತೆ ಅಂತ! ಆ ಕಡೆ ಎಷ್ಟೋ ಮನೆಗಳಲ್ಲಿ ಆಡುವುದು ತೆಲುಗು. ನಾವು ಓದಿದ್ದು "ಸ್ವಯಂಪ್ರೇರಿತ", "ಗೌಪ್ಯತೆ" ಅಂತ ತುಂಬಿದ ಕನ್ನಡ. ಕಾಗದ ನೋಡೋಕೆ ಸರಿಯಾಗೇ ಇತ್ತು, ಆದರೆ ಜನರನ್ನು ಕೂಡಿಸಿಕೊಂಡು ಕರೆತಂದ ಆಶಾ ಕಾರ್ಯಕರ್ತೆಯೇ ಸಾಕ್ಷಿ ಅಂತ ಸಹಿ ಹಾಕಿದ್ದರು. ಅದೂ ತಪ್ಪೇ. ಓದು ಬರದವರು ಹೆಬ್ಬೆಟ್ಟು ಒತ್ತುವಾಗ, ಅಧ್ಯಯನಕ್ಕೆ ಸಂಬಂಧವಿಲ್ಲದ, ಓದು ಬಲ್ಲ ಒಬ್ಬರು ಪಕ್ಕದಲ್ಲಿ ಇರಬೇಕು. ದಿನಾ ಮನೆಗೆ ಬರೋ ಆಶಾ ಅಕ್ಕ ಎದುರಿಗೆ ನಿಂತಿದ್ದರೆ ಅಜ್ಜಿ ಬೇಡ ಅನ್ನೋದಾದರೂ ಹೇಗೆ?

ಅವತ್ತಿನಿಂದ ಪಾಠ ಬದಲಾಯಿಸಿದೆ. ಮೊದಲ ತರಗತಿಯಲ್ಲಿ ಈಗ ಸ್ಲೈಡ್ ಇಲ್ಲ. ಪ್ರತಿಯೊಬ್ಬರೂ ತಮ್ಮ ಒಪ್ಪಿಗೆ ಪತ್ರವನ್ನು ಮನೆಮಾತಿನಲ್ಲಿ ಬರೆದುಕೊಂಡು ಬರಬೇಕು. "ಯಾದೃಚ್ಛಿಕ ಹಂಚಿಕೆ" ಅಂತ ಇದ್ದದ್ದು "ಯಾರಿಗೆ ಯಾವ ಔಷಧಿ ಅಂತ ಚೀಟಿ ಎತ್ತಿದ ಹಾಗೆ ತೀರ್ಮಾನ ಆಗುತ್ತೆ, ಡಾಕ್ಟರು ಆರಿಸೋದಿಲ್ಲ" ಅಂತ ಆಗುತ್ತದೆ. ಆಮೇಲೆ ಅದನ್ನು ಕ್ಯಾಂಟೀನಿನಲ್ಲೋ ಗೇಟಿನ ಹತ್ತಿರವೋ ಒಬ್ಬರಿಗೆ ಹೇಳಬೇಕು. "ಅರ್ಥ ಆಯ್ತಾ?" ಅಂತ ಕೇಳುವ ಹಾಗಿಲ್ಲ, ಎಲ್ಲರೂ ಆಯ್ತು ಅಂತಲೇ ಅನ್ನುತ್ತಾರೆ. "ನಾನು ಏನು ಹೇಳಿದೆ, ನೀವೇ ನಿಮ್ಮ ಮನೆಯವರಿಗೆ ಹೇಳೋ ಹಾಗೆ ಹೇಳಿ" ಅನ್ನಬೇಕು. ಅವರು ತಪ್ಪಿದ ಕಡೆ ನಮ್ಮ ಪತ್ರ ತಿದ್ದಬೇಕು. ಮೂರು ನಾಲ್ಕು ಸಲ ತಿದ್ದುತ್ತಾರೆ.

ಆದರೆ ಸುಲಭದ ಮಾತು ಒಂದೇ ಸಾಲದು. ಅಮೆರಿಕದ ಟಸ್ಕೀಗೀಯಲ್ಲಿ 1932ರಿಂದ 1972ರವರೆಗೆ ಸಿಫಿಲಿಸ್ ಅನ್ನೋ ಲೈಂಗಿಕ ರೋಗ ಇದ್ದ ಕಪ್ಪು ಜನರನ್ನು ಸರ್ಕಾರಿ ಡಾಕ್ಟರುಗಳು ಚಿಕಿತ್ಸೆ ಕೊಡದೆ ಸುಮ್ನೆ ನೋಡುತ್ತಾ ಕೂತರಲ್ಲ, ಅವರಿಗೆ ಹೇಳಿದ್ದು "ಕೆಟ್ಟ ರಕ್ತ"ಕ್ಕೆ ಮದ್ದು ಕೊಡುತ್ತೇವೆ ಅಂತ. ಅದು ಆ ಜನರದೇ ಆಡುಮಾತು. ಅದರಲ್ಲೇ ಸುಳ್ಳು ಹೇಳಿದರು. ಇದನ್ನು ಈಗ ಎರಡನೇ ತರಗತಿಯಲ್ಲಿ ಹೇಳುತ್ತೇನೆ, ಪತ್ರ ತಿದ್ದಿದ ಮಕ್ಕಳಿಗೆ ಅದು ಜಾಸ್ತಿ ತಟ್ಟುತ್ತದೆ.

ಇನ್ನೊಂದು ಕಷ್ಟ ಅಂಕಿಗಳದ್ದು. ಒಬ್ಬ ಹುಡುಗ ನಲವತ್ತು ಜನರ ಬಿಪಿ ತಂದ. 120/80, 130/80, 140/90, ಎಲ್ಲವೂ ಸೊನ್ನೆಗೆ ಮುಗಿಯುತ್ತಿತ್ತು. ಡಿಜಿಟಲ್ ಮಷಿನ್ ಹಾಗೆ ತೋರಿಸುವುದಿಲ್ಲ. ಬಾಗಿಲು ಹಾಕಿ, ಕೂರಿಸಿ ಕೇಳಿದೆ. ಟೊಮೆಟೊ ಕೊಯ್ಲಿನ ಸಮಯ, ಹತ್ತು ಗಂಟೆಗೆ ಹೋದರೆ ಊರಲ್ಲಿ ಯಾರೂ ಇರುತ್ತಿರಲಿಲ್ಲವಂತೆ. ಥೀಸಿಸ್ ಕೊಡೋ ದಿನ ಹತ್ತಿರ ಬಂದಿತ್ತು, ಹಾಸ್ಟೆಲ್ಲಿನಲ್ಲಿ ಕೂತು ತುಂಬಿಸಿದ್ದ. ಅತ್ತುಬಿಟ್ಟ. ನನಗೂ ಬೇಜಾರಾಯಿತು, ಹತ್ತು ಗಂಟೆಗೆ ಹೋಗು ಅಂದವನು ನಾನೇ ಅಲ್ವಾ. ಆದರೂ ಮುಚ್ಚಿಡಲಿಲ್ಲ. ನಲವತ್ತೂ ಫಾರಂ ತೆಗೆದು ಹಾಕಿದೆವು, ಸಂಶೋಧನೆಗೆ ಅನುಮತಿ ಕೊಡುವ ಎಥಿಕ್ಸ್ ಕಮಿಟಿಗೆ ಆದದ್ದು ಆದ ಹಾಗೆ ಬರೆದು ಕೊಟ್ಟೆವು, ಇನ್ನಷ್ಟು ಸಮಯ ಕೇಳಿಕೊಂಡೆವು.

ಆಮೇಲೆ ಅವನು ಬೆಳಗ್ಗೆ ಆರಕ್ಕೆ ಹಾಲಿನ ಡೇರಿ ಹತ್ತಿರ ನಿಲ್ಲತೊಡಗಿದ. ಕ್ಯಾನ್ ಹಿಡಿದು ಬಂದವರ ಹತ್ತಿರ ಮಾತಾಡಿ, ಯಾವಾಗ ಬರಲಿ ಅಂತ ಕೇಳಿ, ಅವರು ಹೇಳಿದ ಹೊತ್ತಿಗೆ ಮನೆಗೆ ಹೋದ. ಈ ಸಲದ ಅಂಕಿಗಳು 134/86, 117/73, ಹೀಗೆ. ಆರು ಜನ ಬೇಡ ಅಂದಿದ್ದರು. ಆ ಆರನ್ನೂ ಪುಸ್ತಕದಲ್ಲಿ ಬರೆದುಕೊಂಡು ಬಂದಿದ್ದ.